ಯಾರ ವೈರಸ್ಸು ಇದು?

ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆ ಬದಿಯ ಊರೊಂದರಲ್ಲಿ ನನ್ನ ಚಿಕ್ಕಪ್ಪನ ಮಗ ಫಾರಂ ಕೋಳಿ ಸಾಕುತ್ತಾನೆ. ಕಳೆದ ಮಳೆಗಾಲದಲ್ಲಿ ಹೋದಾಗ ಶೆಡ್ಡಿನೊಳಗೆ ಬಿಡಲಿಲ್ಲ. ಚಪ್ಪಲಿಗೆ ಅಂಟಿಕೊಂಡೇ ರೋಗ ಊರೂರು ಸುತ್ತುತ್ತದೆ, ಅವನ ಭಯ ಸರಿಯೇ. ಜಾಲರಿಯ ಹೊರಗಿಂದಲೇ ನೋಡಿದೆ. ಭತ್ತದ ಹೊಟ್ಟಿನ ಮೇಲೆ ಒಂದು ಕೋಳಿ ಕತ್ತು ತಿರುಚಿಕೊಂಡು ಕೂತಿತ್ತು. ಪಕ್ಕದಲ್ಲಿ ಹಸಿರು ಹಿಕ್ಕೆ.

"ಕೊಕ್ಕರೆ ರೋಗ ಕಣಣ್ಣ. ಎರಡು ಸಲ ಲಸೋಟ ಲಸಿಕೆ ಹಾಕಿದೀನಿ, ಆದ್ರೂ ಬಂತಲ್ಲ!"

ಪುಸ್ತಕದಲ್ಲಿ ಇದು ರಾಣಿಖೇತ್ ರೋಗ. ಹೊರದೇಶಗಳಲ್ಲಿ ನ್ಯೂಕ್ಯಾಸಲ್ ರೋಗ. 1926ರ ಸುಮಾರಿಗೆ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಕಂಡಿತು.

ಗಂಟಲಿನ ದ್ರವ ತೆಗೆದು ಪಿಸಿಆರ್ (ವೈರಸ್ಸಿನ ಜೀನಿನ ತುಣುಕು ಹುಡುಕುವ ಪರೀಕ್ಷೆ) ಮಾಡಿದರೆ "ವೈರಸ್ ಇದೆ" ಅಂತ ಬರುತ್ತದೆ. ಅಷ್ಟೇ ಸಾಕಾ? ಸಾಲದು. ಲಸೋಟ ಕೂಡ ಜೀವಂತ ವೈರಸ್ಸೇ, ಅದೇ ಜಾತಿಯ ಸಾಧು ತಳಿ. ಸಿಕ್ಕಿದ್ದು ಲಸಿಕೆಯದೋ ಹೊರಗಿಂದ ಬಂದದ್ದೋ ಅಂತ ತಿಳಿಯಲು ಅದರ ಜೀನುಗಳ ಅಕ್ಷರಗಳನ್ನೇ ಓದಬೇಕು.

ಜೀನುಗಳೆಲ್ಲ ಬರೆದಿರುವ ಈ ವೈರಸ್ಸಿನ ಆರ್‌ಎನ್‌ಎ ಎಳೆ ಸುಮಾರು 15,200 ಅಕ್ಷರ ಉದ್ದ. ಮೊದಲು ಓದುವುದು ಎಫ್ ಅನ್ನುವ ಒಂದು ಜೀನ್. ಅದರಿಂದ ಆಗುವ ಪ್ರೋಟೀನು ಎರಡಾಗಿ ಕತ್ತರಿಸಿಕೊಂಡರೆ ಮಾತ್ರ ವೈರಸ್ಸಿಗೆ ಜೀವಕೋಶದ ಬಾಗಿಲು ತೆರೆಯುತ್ತದೆ. ಸಾಧು ತಳಿಯ ಈ ಪ್ರೋಟೀನನ್ನು ಕತ್ತರಿಸುವ ಕತ್ತರಿ, ಅಂದರೆ ಕೋಳಿಯ ಮೈಯಲ್ಲಿರುವ ಕಿಣ್ವ, ಹೆಚ್ಚಾಗಿ ಉಸಿರಾಟದ ನಾಳ, ಕರುಳಿನಲ್ಲಷ್ಟೇ ಸಿಗುತ್ತದೆ. ಹಾಗಾಗಿ ಅದು ಅಲ್ಲೇ ಸುಮ್ನೆ ಇರುತ್ತದೆ. ಕೊಲ್ಲುವ ತಳಿಯಲ್ಲಿ ಕತ್ತರಿ ಬೀಳುವ ಜಾಗದ ನಾಲ್ಕೈದು ಅಮೈನೊ ಆಮ್ಲಗಳು (ಪ್ರೋಟೀನಿನ ಮಣಿಗಳು) ಬೇರೆ. 117ನೆಯ ಜಾಗದಲ್ಲಿ ಲ್ಯೂಸಿನ್ ಬದಲು ಫಿನೈಲ್‌ಅಲನಿನ್ ಕೂತಿರುತ್ತದೆ, ಅದಕ್ಕೆ ಮುಂಚಿನ ಜಾಗಗಳಲ್ಲಿ ಆರ್ಜಿನಿನ್, ಲೈಸಿನ್‌ಗಳ ಗುಂಪು. ಇಂಥದ್ದನ್ನು ಮೈಯ ಬಹುಪಾಲು ಜೀವಕೋಶಗಳಲ್ಲಿರುವ ಕತ್ತರಿಯೇ ಕತ್ತರಿಸುತ್ತದೆ. ಮೆದುಳಲ್ಲೂ! ಕತ್ತು ತಿರುಚುವುದು ಅದಕ್ಕೇ.

ಇಷ್ಟಾದರೆ ಕ್ರೂರಿ ಹೌದೋ ಅಲ್ಲವೋ ಗೊತ್ತಾಯಿತು. ಯಾವ ಮನೆತನದ್ದು ಅಂತ ತಿಳಿಯಲು ಇಡೀ ಎಫ್ ಜೀನ್ ಹೋಲಿಸಿ ನೋಡುತ್ತಾರೆ. ಸರಾಸರಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸವಿದ್ದರೆ ಬೇರೆ ಜೀನೋಟೈಪ್, ಅಂದರೆ ಬೇರೆ ಮನೆತನ. ಲಸೋಟ 2ನೆಯದಕ್ಕೆ ಸೇರಿದ್ದು. ನಮ್ಮ ದೇಶದ ಫಾರಂಗಳಲ್ಲಿ ಆಗಾಗ ಸಿಕ್ಕಿರುವುದು 13ನೆಯದು.

ಇದನ್ನು ಕೇಳಿದವರು "ಲಸಿಕೆ ಹಳೇದಾಯ್ತು ಬಿಡಿ" ಅಂತಾರೆ. ನಾನು ಒಪ್ಪುವುದಿಲ್ಲ. ಜೀನೋಟೈಪ್ ಎಷ್ಟಿದ್ದರೂ ಸೀರೋಟೈಪ್, ಅಂದರೆ ರೋಗನಿರೋಧಕ ಶಕ್ತಿ ಗುರುತಿಸುವ ಮುಖ, ಒಂದೇ. ಸರಿಯಾಗಿ ಹಾಕಿದ ಲಸೋಟ ಕೋಳಿಯನ್ನು ಸಾವಿನಿಂದ ಉಳಿಸುತ್ತದೆ. ಆದರೆ ಸೋಂಕನ್ನು ಪೂರ್ತಿ ತಡೆಯುವುದಿಲ್ಲ, ಕೋಳಿ ವೈರಸ್ ಹೊರಹಾಕುತ್ತಲೇ ಇರಬಹುದು.

ತಮ್ಮನ ಶೆಡ್ಡಿನದು ಲಸಿಕೆಯ ವೈರಸ್ ಅಲ್ಲ, ಹೊರಗಿನದು ಅಂತ ವರದಿ ಬಂತು. ಕೋಳಿಗಳ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಆಂಟಿಬಾಡಿಯೂ ಕಡಿಮೆ. ಎರಡನೇ ಲಸಿಕೆ ಹೇಗೆ ಕೊಟ್ಟೆ ಅಂತ ಕೇಳಿದೆ.

"ಕುಡಿಯೋ ನೀರಲ್ಲಿ."

"ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್?"

"ಹಾಕಿದ್ದೆ. ಸ್ವಚ್ಛ ಇರ್ಲಿ ಅಂತ."

ಕ್ಲೋರಿನ್ ಮುಂದೆ ಜೀವಂತ ಲಸಿಕೆ ಉಳಿಯುವುದಿಲ್ಲ. ಮುಂದಿನ ಬ್ಯಾಚಿಗೆ ಲಸಿಕೆ ತರಲು ಹೋದವನು ಕೆನೆ ತೆಗೆದ ಹಾಲಿನ ಪುಡಿಯನ್ನೂ ತಂದ. ನೀರಲ್ಲಿ ಉಳಿದ ಕ್ಲೋರಿನ್ನಿನ ಸೊಕ್ಕು ಮುರಿಯುವುದು ಅದೇ.