ಒಂದೇ ರಸ್ತೆಯನ್ನು ನಂಬಿ ಬದುಕಿದ್ದ ಆರ್ತ್ಸಾಖ್

2023ರ ಸೆಪ್ಟೆಂಬರ್ ಕೊನೆಯಲ್ಲಿ, ಸುಮಾರು ಒಂದೇ ವಾರದಲ್ಲಿ, ಅಜರ್‌ಬೈಜಾನಿನೊಳಗಿನ, ಅರ್ಮೇನಿಯನ್ನರು ಆರ್ತ್ಸಾಖ್ ಅಂತ ಕರೆಯುವ ನಾಗೋರ್ನೋ-ಕರಬಾಖ್‌ನಿಂದ 1 ಲಕ್ಷಕ್ಕೂ ಜಾಸ್ತಿ ಜನ ಮನೆಮಠ ಬಿಟ್ಟು ಅರ್ಮೇನಿಯಾಕ್ಕೆ ಹೊರಟರು. ಅಲ್ಲೇ ಉಳಿದವರು ಹೆಚ್ಚೆಂದರೆ 1,000 ಮಂದಿ ಅಂತ ವಿಶ್ವಸಂಸ್ಥೆಯ ತಂಡ ಅಂದಾಜು ಮಾಡಿತು. ತನ್ನದೇ ಬಾವುಟ, ಸಂಸತ್ತು, ಸೈನ್ಯ ಇಟ್ಟುಕೊಂಡು 32 ವರ್ಷ ಬಾಳಿದ ದೇಶ ಅದು. ಆದರೆ ವಿಶ್ವಸಂಸ್ಥೆಯ ಯಾವ ಸದಸ್ಯ ದೇಶವೂ ಅದನ್ನು ಒಪ್ಪಲಿಲ್ಲ.

ಜಗಳದ ಬೇರು 1921ರಲ್ಲಿದೆ. ಅರ್ಮೇನಿಯನ್ನರೇ ಜಾಸ್ತಿ ಇದ್ದ ಈ ಗುಡ್ಡಗಾಡನ್ನು ಬೋಲ್ಶೆವಿಕ್ (ಸೋವಿಯತ್ ಕಮ್ಯುನಿಸ್ಟ್) ನಾಯಕರು ಅಜರ್‌ಬೈಜಾನಿನೊಳಗೇ ಇಟ್ಟರು. ಮಾಸ್ಕೋ ಬಿಗಿಯಾಗಿ ಇರುವ ತನಕ ಹೇಗೋ ನಡೆಯಿತು. 1988ರ ಫೆಬ್ರವರಿಯಲ್ಲಿ ಅಲ್ಲಿನ ಪ್ರಾಂತೀಯ ಸಭೆ ನಮ್ಮನ್ನು ಅರ್ಮೇನಿಯಾಕ್ಕೆ ಸೇರಿಸಿ ಅಂತ ಕೇಳಿತು. ಕೆಲವೇ ದಿನಗಳಲ್ಲಿ ಅಜರ್‌ಬೈಜಾನಿನ ನಗರ ಸುಮ್‌ಗಾಯಿತ್‌ನಲ್ಲಿ ಅರ್ಮೇನಿಯನ್ನರ ಕೊಲೆಗಳಾದವು. ಆಮೇಲೆ ಎರಡೂ ಕಡೆಯ ಜನ ತಲೆತಲಾಂತರದ ಊರು ಬಿಟ್ಟು ಓಡತೊಡಗಿದರು. 1991ರ ಸೆಪ್ಟೆಂಬರ್ 2ರಂದು ಹೊಸ ಗಣರಾಜ್ಯದ ಘೋಷಣೆ ಆಯಿತು.

ಯುದ್ಧದಲ್ಲಿ ಯಾರ ಕೈಯೂ ಶುದ್ಧವಾಗಿ ಉಳಿಯಲಿಲ್ಲ. 1992ರ ಫೆಬ್ರವರಿಯಲ್ಲಿ ಖೊಜಾಲಿಯಿಂದ ರಾತ್ರೋರಾತ್ರಿ ಓಡುತ್ತಿದ್ದ ನೂರಾರು ಅಜೆರಿ (ಅಜರ್‌ಬೈಜಾನಿ) ನಾಗರಿಕರನ್ನು ಅರ್ಮೇನಿಯನ್ ಪಡೆಗಳು ಕೊಂದವು. ಅದೇ ವರ್ಷ ಮೇ ತಿಂಗಳಲ್ಲಿ ಆ ಪಡೆಗಳು ಬೆಟ್ಟದ ಮೇಲಿನ ಶುಶಾ ಪಟ್ಟಣವನ್ನೂ ನಂತರ ಲಾಚಿನ್ ದಾರಿಯನ್ನೂ ಹಿಡಿದವು. ಈ ದಾರಿ ಮುಖ್ಯ. ಕರಬಾಖ್‌ಗೂ ಅರ್ಮೇನಿಯಾಕ್ಕೂ ನಡುವೆ ಅಜೆರಿ ನೆಲ ಇತ್ತು. ಹಿಟ್ಟು, ಔಷಧಿ, ಪೆಟ್ರೋಲು, ಮದ್ದುಗುಂಡು ಎಲ್ಲಾ ಮುಂದೆ ಹೆಚ್ಚಾಗಿ ಬಂದಿದ್ದು ಇದೇ ದಾರಿಯಲ್ಲಿ.

1994ರಲ್ಲಿ ಕದನವಿರಾಮ ಆದಾಗ ಕರಬಾಖ್ ಅಷ್ಟೇ ಅಲ್ಲ, ಸುತ್ತಲಿನ ಏಳು ಅಜೆರಿ ಜಿಲ್ಲೆಗಳೂ ಪೂರ್ತಿಯಾಗಿಯೋ ಭಾಗಶಃವೋ ಅರ್ಮೇನಿಯನ್ನರ ಕೈಯಲ್ಲಿದ್ದವು. ಲಕ್ಷಾಂತರ ಅಜೆರಿಗಳು ಸ್ವಂತ ದೇಶದಲ್ಲೇ ನಿರಾಶ್ರಿತರಾದರು. ಅಗ್ದಾಮ್ ಪಟ್ಟಣದ ಮನೆಗಳ ಕಲ್ಲು, ಕಿಟಕಿ, ಪೈಪುಗಳನ್ನೂ ಕಿತ್ತು ಸಾಗಿಸಿದರು. ಸರಿಯಾಗಿ ನಿಂತಿದ್ದು ಹೆಚ್ಚುಕಡಿಮೆ ಮಸೀದಿ ಒಂದೇ.

ನನ್ನ ಪ್ರಕಾರ ಆರ್ತ್ಸಾಖ್ ಸೋತಿದ್ದು ಇಲ್ಲೇ, ಗೆದ್ದ ಹೊತ್ತಿನಲ್ಲೇ. 1997ರಲ್ಲಿ ಅರ್ಮೇನಿಯಾದ ಅಧ್ಯಕ್ಷ ಲೆವೊನ್ ತೆರ್-ಪೆತ್ರೋಸ್ಯಾನ್ ಕಾಲ ನಮ್ಮ ಪರ ಇಲ್ಲ, ಈಗಲೇ ರಾಜಿ ಮಾಡಿಕೊಳ್ಳೋಣ ಅಂತ ವಾದಿಸಿದರು. ಮರುವರ್ಷವೇ ಅವರು ಕುರ್ಚಿ ಬಿಡಬೇಕಾಯಿತು, ಅವರ ಜಾಗಕ್ಕೆ ಬಂದವರು ಕರಬಾಖ್‌ನವರೇ ಆದ ರಾಬರ್ಟ್ ಕೊಚರ್ಯಾನ್. ವಿಚಿತ್ರ ಏನು ಅಂದರೆ, ಇಷ್ಟೆಲ್ಲಾ ಮಾಡಿದ ಅರ್ಮೇನಿಯಾ ಕೂಡ ಆ ಗಣರಾಜ್ಯಕ್ಕೆ ಮಾನ್ಯತೆ ಕೊಡಲಿಲ್ಲ. ಅದರ ರಾಜಧಾನಿ ಸ್ತೆಪಾನಕೆರ್ತ್‌ನಲ್ಲಿ ನಡೆಯುತ್ತಿದ್ದಿದ್ದು ಅರ್ಮೇನಿಯಾದ ಹಣ ದ್ರಾಮ್. ವಿಮಾನ ನಿಲ್ದಾಣವನ್ನು ಹೊಸದಾಗಿ ಕಟ್ಟಿದರು, ಆದರೆ ಹೊಡೆದುರುಳಿಸುತ್ತೇವೆ ಅಂತ ಅಜರ್‌ಬೈಜಾನಿನ ರಾಜಧಾನಿ ಬಾಕು ಎಚ್ಚರಿಸಿದ ಮೇಲೆ ಪ್ರಯಾಣಿಕರ ವಿಮಾನ ಒಂದೂ ಹಾರಲಿಲ್ಲ.

ಅತ್ತ ಬಾಕುವಿಗೆ ಎಣ್ಣೆ ದುಡ್ಡು ಹರಿದು ಬಂತು. 2020ರ 44 ದಿನಗಳ ಯುದ್ಧದಲ್ಲಿ ಟರ್ಕಿಯ ಡ್ರೋನ್‌ಗಳು ಅರ್ಮೇನಿಯನ್ನರ ಹಳೇ ಟ್ಯಾಂಕುಗಳನ್ನು ಸುಟ್ಟು ಹಾಕಿದವು. ಶುಶಾ ಹೋಯಿತು, ಏಳೂ ಜಿಲ್ಲೆ ಹೋದವು. ಉಳಿದಿದ್ದು ಸ್ತೆಪಾನಕೆರ್ತ್, ಸುತ್ತಲ ಒಂದಿಷ್ಟು ಊರು, ಮತ್ತು ರಷ್ಯದ ಶಾಂತಿಪಾಲಕರು ಕಾಯುತ್ತಿದ್ದ ಅದೇ ಲಾಚಿನ್ ದಾರಿ.

2022ರ ಡಿಸೆಂಬರ್ 12ರಂದು ಅಜರ್‌ಬೈಜಾನಿನ ಕಡೆಯವರು ಅದನ್ನೂ ಅಡ್ಡಗಟ್ಟಿದರು. ಒಂಬತ್ತು ತಿಂಗಳು. ಅಂಗಡಿಗಳ ಕಪಾಟು ಖಾಲಿ, ಇಂಧನ ಇಲ್ಲದೆ ಬಸ್ಸು ಬಂದ್, ಬ್ರೆಡ್ಡಿಗಾಗಿ ರಾತ್ರಿಯಿಡೀ ಸಾಲು. ಉಕ್ರೇನಿನಲ್ಲಿ ಸಿಕ್ಕಿಕೊಂಡಿದ್ದ ರಷ್ಯ ದಾರಿ ತೆರೆಸಲಿಲ್ಲ. ಹಸಿದು ಸೊರಗಿದ ಆ ಜನರ ಮೇಲೆ 2023ರ ಸೆಪ್ಟೆಂಬರ್ 19ರಂದು ಅಜರ್‌ಬೈಜಾನಿನ ದಾಳಿ ಶುರುವಾಯಿತು, ಮರುದಿನವೇ ಶರಣಾಗತಿ. ಹೊರಡಲು ಪೆಟ್ರೋಲು ಬೇಕಲ್ವಾ? ಅದಕ್ಕೆ ಸಾಲು ನಿಂತಿದ್ದ ಇಂಧನ ಸಂಗ್ರಹಾಗಾರ ಸಿಡಿದು ಮತ್ತೆ ನೂರಾರು ಜೀವ ಹೋದವು. ಅಧ್ಯಕ್ಷ ಸಮ್ವೆಲ್ ಶಹರಮಾನ್ಯಾನ್ ಸಹಿ ಹಾಕಿದ ಆದೇಶದ ಪ್ರಕಾರ 2024ರ ಜನವರಿ 1ಕ್ಕೆ ಗಣರಾಜ್ಯ ಇಲ್ಲವಾಗಬೇಕಿತ್ತು.

ಅರ್ಮೇನಿಯಾ ತಲುಪಿದವರಲ್ಲಿ ಬಹುತೇಕರ ಬಳಿ ಅರ್ಮೇನಿಯಾದ್ದೇ ಪಾಸ್‌ಪೋರ್ಟ್ ಇತ್ತು. ಅದು ಬರೀ ಪ್ರಯಾಣದ ಕಾಗದ, ನೀವಿನ್ನೂ ಪ್ರಜೆಗಳಲ್ಲ ಅಂತ ಸರ್ಕಾರ ಹೇಳಿತು. ಪೌರತ್ವಕ್ಕೆ ಅವರೇ ಅರ್ಜಿ ಹಾಕಬೇಕಾಯಿತು.