ಸುರಕ್ಷಿತ ತೃತೀಯ ರಾಷ್ಟ್ರ: ಆಶ್ರಯ ಕೇಳಬೇಕಾದದ್ದು ಎಲ್ಲಿ?

ಕೆನಡಾದ ಗಡಿ ರಾಜಕಾರಣದ ಸುದ್ದಿ ಓದುವವರಿಗೆ ‘ಸುರಕ್ಷಿತ ತೃತೀಯ ರಾಷ್ಟ್ರ’ ಎಂಬ ಮಾತು ಪದೇಪದೇ ಎದುರಾಗುತ್ತದೆ. ಜೀವಭಯದಿಂದ ತವರು ತೊರೆದವನೊಬ್ಬ ಕೆನಡಾದಲ್ಲಿ ಆಶ್ರಯ ಕೇಳುತ್ತಾನೆ ಎಂದುಕೊಳ್ಳೋಣ. ಅವನ ತವರು ಒಂದು ದೇಶ, ಆಶ್ರಯ ಕೇಳಿದ ಕೆನಡಾ ಇನ್ನೊಂದು, ನಡುವೆ ಅವನು ಹಾದುಬಂದದ್ದು ಮೂರನೆಯದು. ಆ ಮೂರನೆಯ ದೇಶವೂ ನಿರಾಶ್ರಿತರಿಗೆ ರಕ್ಷಣೆ ಕೊಡಬಲ್ಲದು ಎಂದಾದರೆ, ‘ಅಲ್ಲಿಯೇ ಕೇಳಬೇಕಿತ್ತು, ಹಿಂದಿರುಗು’ ಎಂದು ಕೆನಡಾ ಹೇಳಬಹುದು. ಅವನ ಭಯ ನಿಜವೋ ಅಲ್ಲವೋ ಎಂದು ಯಾರೂ ವಿಚಾರಿಸುವ ಮೊದಲೇ ಈ ತೀರ್ಮಾನ ಆಗಿಹೋಗುತ್ತದೆ. ಕೆನಡಾ ಹೀಗೆ ಗುರುತಿಸಿರುವುದು ಒಂದೇ ದೇಶವನ್ನು. ಅದು ಅಮೆರಿಕ.

ಮೊದಲು ಕಂಡ ಸುರಕ್ಷಿತ ದೇಶದಲ್ಲಿಯೇ ಆಶ್ರಯ ಕೇಳಬೇಕೆಂಬುದು ಅಂತಾರಾಷ್ಟ್ರೀಯ ಕಾನೂನು ಎಂದು ಹಲವರು ನಂಬಿದ್ದಾರೆ. 1951ರ ನಿರಾಶ್ರಿತರ ಒಡಂಬಡಿಕೆಯನ್ನು ತಿರುವಿಹಾಕಿದರೆ ಅಂಥದೊಂದು ವಿಧಿ ಸಿಗುವುದಿಲ್ಲ. ಅದರ 33ನೇ ವಿಧಿ ಹೇಳುವುದು, ಜೀವಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿರುವ ಜಾಗಕ್ಕೆ ನಿರಾಶ್ರಿತನನ್ನು ಮರಳಿ ಅಟ್ಟಬಾರದು ಎಂದು. 31ನೇ ವಿಧಿ ಹೇಳುವುದು, ಅಪಾಯದ ನೆಲದಿಂದ ನೇರವಾಗಿ ಬಂದವನು ತಡಮಾಡದೆ ಅಧಿಕಾರಿಗಳ ಮುಂದೆ ಹಾಜರಾಗಿ ಸಕಾರಣ ಕೊಟ್ಟರೆ, ಅನುಮತಿಯಿಲ್ಲದೆ ಒಳಬಂದ ಕಾರಣಕ್ಕೆ ಅವನನ್ನು ಶಿಕ್ಷಿಸಬಾರದು ಎಂದು. ‘ಮೂರನೇ ದೇಶಕ್ಕೆ ಹೋಗು’ ಎಂಬ ನಿಯಮ ಸರ್ಕಾರಗಳು ತಮ್ಮ ಕಾನೂನು ಮತ್ತು ಒಪ್ಪಂದಗಳ ಮೂಲಕ ಆಮೇಲೆ ಕಟ್ಟಿಕೊಂಡದ್ದು.

ಕೆನಡಾದ ಮಟ್ಟಿಗೆ ಇದರ ಬೇರು 1985ರಲ್ಲಿದೆ. ಆ ವರ್ಷದ ಏಪ್ರಿಲ್ 4ರಂದು ಅಲ್ಲಿನ ಸುಪ್ರೀಂ ಕೋರ್ಟ್ ಸಿಂಗ್ ಪ್ರಕರಣದ ತೀರ್ಪು ನೀಡಿತು. ಆಶ್ರಯ ಕೇಳಿದ ಸಿಖ್ ಅರ್ಜಿದಾರರು ತಮ್ಮ ಮಾತನ್ನು ಯಾರೂ ಎದುರು ಕೂರಿಸಿಕೊಂಡು ಕೇಳಲಿಲ್ಲ, ಕಾಗದದ ಮೇಲೆಯೇ ನಿರಾಕರಿಸಿದರು ಎಂದು ದೂರಿದ್ದರು. ಕೆನಡಾದ ನೆಲದ ಮೇಲಿರುವ ಪ್ರತಿಯೊಬ್ಬರಿಗೂ ಸಂವಿಧಾನದ ಹಕ್ಕುಗಳ ಸನ್ನದು ಅನ್ವಯಿಸುತ್ತದೆ, ಅವರ ಅಹವಾಲನ್ನು ಮುಖಾಮುಖಿ ಕೇಳಲೇಬೇಕು ಎಂಬ ನಿಲುವು ಗೆದ್ದಿತು. ಇಂದಿಗೂ ಅಲ್ಲಿ ಏಪ್ರಿಲ್ 4 ನಿರಾಶ್ರಿತರ ಹಕ್ಕುಗಳ ದಿನ. ಒಮ್ಮೆ ನೆಲಕ್ಕೆ ಕಾಲಿಟ್ಟವನಿಗೆ ವಿಚಾರಣೆಯ ಹಕ್ಕು ಸಿಕ್ಕಿತೆಂದ ಮೇಲೆ, ಯಾರ ಅರ್ಜಿ ವಿಚಾರಣೆಯ ಮೇಜಿನವರೆಗೆ ಬರಬೇಕು ಎಂಬುದೇ ಸರ್ಕಾರಗಳ ಚಿಂತೆಯಾಯಿತು. 1988ರ ಕಾನೂನು ತಿದ್ದುಪಡಿಯಲ್ಲಿಯೇ ಸುರಕ್ಷಿತ ತೃತೀಯ ರಾಷ್ಟ್ರದ ಕಲಮು ಸೇರಿತಾದರೂ ಅದರಡಿ ಯಾವ ದೇಶವನ್ನೂ ಹೆಸರಿಸದೆ ವರ್ಷಗಳು ಕಳೆದವು.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕೆನಡಾ, ಅಮೆರಿಕ ಎರಡೂ ಗಡಿ ಬಿಗಿ ಮಾಡಲು ಹೊರಟಾಗ ಆ ಕಲಮಿಗೆ ಜೀವ ಬಂತು. 2002ರ ಡಿಸೆಂಬರ್ 5ರಂದು ಎರಡೂ ದೇಶಗಳ ನಡುವೆ ಸುರಕ್ಷಿತ ತೃತೀಯ ರಾಷ್ಟ್ರ ಒಪ್ಪಂದಕ್ಕೆ ಸಹಿ ಬಿತ್ತು. 2004ರ ಡಿಸೆಂಬರ್ 29ರಂದು ಅದು ಜಾರಿಗೆ ಬಂತು. ಅಮೆರಿಕದ ಕಡೆಯಿಂದ ಕೆನಡಾದ ಗಡಿ ಠಾಣೆಗೆ ಬಂದು ಆಶ್ರಯ ಕೇಳಿದವರನ್ನು ಅಲ್ಲಿಂದಲೇ ವಾಪಸು ಕಳಿಸಬೇಕು; ಕೆನಡಾದ ಕಡೆಯಿಂದ ಅಮೆರಿಕದ ಠಾಣೆಗೆ ಬಂದವರಿಗೂ ಇದೇ ನಿಯಮ. ವಿನಾಯಿತಿಗಳಿವೆ: ಒಂಟಿಯಾಗಿ ಬಂದ ಮಕ್ಕಳು, ಕೆಲವು ಬಗೆಯ ವೀಸಾ ಉಳ್ಳವರು, ಮರಣದಂಡನೆಯ ಭೀತಿ ಇರುವವರು, ಕೆನಡಾದಲ್ಲಿ ಹತ್ತಿರದ ಬಂಧುಗಳಿರುವವರು. ಈ ‘ಹತ್ತಿರದ ಬಂಧು’ ಯಾರೆಂಬುದು ಒಂದು ಕುಟುಂಬದ ಹಣೆಬರಹವನ್ನೇ ನಿರ್ಧರಿಸುತ್ತದೆ. ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು, ಅಜ್ಜ, ಅಜ್ಜಿ, ಮೊಮ್ಮಕ್ಕಳು, ಚಿಕ್ಕಪ್ಪ, ಅತ್ತೆ, ಸೋದರಳಿಯ, ಸೋದರ ಸೊಸೆ ಎಲ್ಲರೂ ಪಟ್ಟಿಯಲ್ಲಿದ್ದಾರೆ. ಚಿಕ್ಕಪ್ಪನ ಮಗ ಇಲ್ಲ. ಮಾಂಟ್ರಿಯಲ್‌ನಲ್ಲಿ ಚಿಕ್ಕಪ್ಪನಿದ್ದಾನೆ ಎಂದು ತೋರಿಸಲು ಠಾಣೆಯ ಅಧಿಕಾರಿಯ ಮುಂದೆ ಅಪ್ಪನ ಜನನ ಪತ್ರ, ಚಿಕ್ಕಪ್ಪನ ಜನನ ಪತ್ರ ಎರಡನ್ನೂ ಇಡಬೇಕಾಗಬಹುದು. ಮನೆ ಬಿಟ್ಟು ಓಡಿಬಂದವರ ಬಳಿ ಇಂಥ ಕಾಗದಗಳು ಇರುವುದು ಅಪರೂಪ.

ಒಪ್ಪಂದದ ನಿಜವಾದ ವಿಚಿತ್ರ ಬೇರೆಯೇ ಇತ್ತು. ಭೂಗಡಿಯಲ್ಲಿ ಅದು ಅಧಿಕೃತ ಠಾಣೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಎರಡು ಠಾಣೆಗಳ ನಡುವೆ ಹೊಲದಲ್ಲಿಯೋ ಕಾಡಿನಲ್ಲಿಯೋ ನಡೆದು ಬಂದವರಿಗೆ ಅನ್ವಯಿಸುತ್ತಿರಲಿಲ್ಲ. ಹೀಗಾಗಿ ಬಾಗಿಲಿಗೆ ಬಂದು ಕೇಳಿದವನು ವಾಪಸಾದ, ಬೇಲಿಯ ಪಕ್ಕದಿಂದ ಬಂದವನಿಗೆ ವಿಚಾರಣೆ ಸಿಕ್ಕಿತು. ಅನಿಯಮಿತ ಗಡಿ ದಾಟುವಿಕೆ ಎಂದು ಇಂದು ರಾಜಕಾರಣಿಗಳು ಯಾವುದನ್ನು ಬೈಯುತ್ತಾರೋ ಅದನ್ನು ಹುಟ್ಟುಹಾಕಿದ್ದರಲ್ಲಿ ಈ ನಿಯಮದ ಪಾಲು ದೊಡ್ಡದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಠಾಣೆಯಲ್ಲಿ ಅರ್ಜಿ ತೆಗೆದುಕೊಳ್ಳುತ್ತಿದ್ದರೆ ಕೈಯಲ್ಲಿ ಮಗುವನ್ನೆತ್ತಿಕೊಂಡ ತಾಯಿ ಕಾಲುದಾರಿ ಹುಡುಕಬೇಕಾದ ಪ್ರಮೇಯವೇ ಇರಲಿಲ್ಲ.

ಆ ಕಾಲುದಾರಿಗಳಲ್ಲಿ ಹೆಸರುವಾಸಿಯಾದದ್ದು ರಾಕ್ಸಮ್ ರಸ್ತೆ. ನ್ಯೂಯಾರ್ಕ್ ರಾಜ್ಯದ ಶಾಂಪ್ಲೇನ್ ಬಳಿಯ ಹಳ್ಳಿ ರಸ್ತೆಯೊಂದು ಸಣ್ಣ ಚರಂಡಿಯೊಂದರ ಮುಂದೆ ನಿಂತುಹೋಗುತ್ತದೆ. ಚರಂಡಿಯಾಚೆ ಕೆನಡಾದ ಕ್ವಿಬೆಕ್. ಜನ ನ್ಯೂಯಾರ್ಕ್ ನಗರದಿಂದ ಬಸ್ಸಿನಲ್ಲಿ ಪ್ಲ್ಯಾಟ್ಸ್‌ಬರ್ಗ್‌ಗೆ ಬಂದು, ಅಲ್ಲಿಂದ ಟ್ಯಾಕ್ಸಿ ಹಿಡಿದು ರಸ್ತೆಯ ಕೊನೆಯಲ್ಲಿ ಇಳಿಯುತ್ತಿದ್ದರು. ಎದುರಿಗೆ ನಿಂತ ಕೆನಡಾ ಪೊಲೀಸರು ‘ಇಲ್ಲಿಂದ ದಾಟಿದರೆ ನಿಮ್ಮನ್ನು ಬಂಧಿಸುತ್ತೇವೆ’ ಎಂದು ಎಚ್ಚರಿಸುತ್ತಿದ್ದರು. ಬಂದವರು ಸೂಟ್‌ಕೇಸ್ ಎಳೆದುಕೊಂಡು ದಾಟುತ್ತಿದ್ದರು. ಪೊಲೀಸರು ಬಂಧಿಸಿ, ತಪಾಸಣೆ ಮಾಡಿ, ಗುರುತು ದಾಖಲಿಸಿಕೊಂಡು ಆಶ್ರಯದ ಅರ್ಜಿಯ ಪ್ರಕ್ರಿಯೆಗೆ ಒಪ್ಪಿಸುತ್ತಿದ್ದರು. ಯಾರೂ ಕದ್ದು ಬರುತ್ತಿರಲಿಲ್ಲ. ಪೊಲೀಸರ ಕೈಗೆ ಸಿಗುವುದೇ ಅವರಿಗೆ ಬೇಕಾಗಿತ್ತು.

2017ರಲ್ಲಿ ಟ್ರಂಪ್ ಅಧಿಕಾರಕ್ಕೆ ಬಂದ ವರ್ಷ ಹೀಗೆ ಠಾಣೆಗಳ ನಡುವೆ ದಾಟಿ ಆಶ್ರಯ ಕೇಳಿದವರು 20,000ಕ್ಕೂ ಹೆಚ್ಚು. 2022ರಲ್ಲಿ ಆ ಸಂಖ್ಯೆ 39,000 ಮೀರಿತು, ಬಹುಪಾಲು ಕ್ವಿಬೆಕ್‌ನಲ್ಲಿಯೇ. ಕನ್ಸರ್ವೇಟಿವ್ ಪಕ್ಷ ಇದನ್ನು ಅಕ್ರಮ ಪ್ರವೇಶ, ಸರದಿ ತಪ್ಪಿಸಿ ಬರುವುದು ಎಂದು ಕರೆಯಿತು. ಟ್ರುಡೊ ಸರ್ಕಾರ ‘ಅನಿಯಮಿತ’ ಎಂದಿತು. ಕಾನೂನಿನ ಸ್ಥಿತಿ ಹೀಗಿದೆ: ಠಾಣೆಗೆ ಹಾಜರಾಗದೆ ಒಳಬರುವುದು ನಿಯಮದ ಉಲ್ಲಂಘನೆ ಹೌದು, ಆದರೆ ಆಶ್ರಯದ ಅರ್ಜಿ ಇತ್ಯರ್ಥವಾಗುವವರೆಗೆ ಆ ಪ್ರವೇಶಕ್ಕಾಗಿ ಮೊಕದ್ದಮೆ ಹೂಡುವಂತಿಲ್ಲ. ಸರದಿಯ ಮಾತಿನಲ್ಲಂತೂ ಹುರುಳಿಲ್ಲ. ವಿದೇಶಿ ಶಿಬಿರಗಳಿಂದ ಆಯ್ದು ಕರೆತರುವ ಪುನರ್ವಸತಿಯ ದಾರಿ ಬೇರೆ, ಗಡಿಗೆ ಬಂದು ಕೇಳುವ ದಾರಿ ಬೇರೆ.

ಕ್ವಿಬೆಕ್‌ನ ದೂರನ್ನು ಮಾತ್ರ ತಳ್ಳಿಹಾಕಲಾಗದು. ವಸತಿ, ಶಾಲೆ, ಆರೋಗ್ಯದ ಹೊರೆ ಒಂದೇ ಪ್ರಾಂತ್ಯದ ಮೇಲೆ ಬಿದ್ದಿತ್ತು. ರಸ್ತೆ ಮುಚ್ಚಿ ಎಂದು ಅಲ್ಲಿನ ಆಗಿನ ಪ್ರೀಮಿಯರ್ (ಪ್ರಾಂತ್ಯ ಸರ್ಕಾರದ ಮುಖ್ಯಸ್ಥ) ಫ್ರಾನ್ಸ್ವಾ ಲೆಗೊ ಪಟ್ಟುಹಿಡಿದಿದ್ದರು. ಬಂದವರನ್ನು ದೇಶದ ಎಲ್ಲ ಪ್ರಾಂತ್ಯಗಳಿಗೂ ಹಂಚಿ, ಕೆಲಸದ ಪರವಾನಗಿಯನ್ನು ಬೇಗ ಕೊಡಬೇಕಿತ್ತು. ಕೇಂದ್ರ ಸರ್ಕಾರ ಆ ಕೆಲಸದಲ್ಲಿ ತೀರಾ ಹಿಂದೆ ಬಿದ್ದಿತು.

ಸರ್ಕಾರ ಕೊನೆಗೆ ಆರಿಸಿಕೊಂಡದ್ದು ಬೇರೆ ದಾರಿ. 2023ರ ಮಾರ್ಚ್ 24ರಂದು ಬೈಡನ್ ಒಟ್ಟಾವಾದಲ್ಲಿದ್ದಾಗ ಒಪ್ಪಂದದ ವಿಸ್ತರಣೆ ಪ್ರಕಟವಾಯಿತು, ಅಂದು ಮಧ್ಯರಾತ್ರಿ ಕಳೆದ ಕೂಡಲೇ ಜಾರಿಯೂ ಆಯಿತು. ವಿಸ್ತರಣೆಯ ಈ ಪೂರಕ ಒಪ್ಪಂದಕ್ಕೆ 2022ರಲ್ಲಿಯೇ ಸಹಿಯಾಗಿದ್ದರೂ ಹೊರಗೆ ಹೇಳಿರಲಿಲ್ಲ. ಈಗ ನದಿ, ಸರೋವರಗಳೂ ಸೇರಿದಂತೆ ಇಡೀ ಗಡಿಗೆ ನಿಯಮ ಅನ್ವಯ. ದಾಟಿದ 14 ದಿನಗಳೊಳಗೆ ಆಶ್ರಯ ಕೇಳಿದವರನ್ನು, ವಿನಾಯಿತಿಗೆ ಒಳಪಡದಿದ್ದರೆ, ವಾಪಸು ಕಳಿಸಲಾಗುತ್ತದೆ. ರಾಕ್ಸಮ್ ರಸ್ತೆ ಬರಿದಾಯಿತು. ಆದರೆ 14 ದಿನ ಅಡಗಿರಬಲ್ಲವನಿಗೆ ದಾರಿ ತೆರೆದೇ ಉಳಿಯಿತು. ಪೊಲೀಸರನ್ನು ಹುಡುಕಿಕೊಂಡು ಬರುತ್ತಿದ್ದವರು ಆಮೇಲೆ ಪೊಲೀಸರಿಂದ ತಪ್ಪಿಸಿಕೊಳ್ಳಬೇಕಾಯಿತು, ಅದಕ್ಕೆ ದಲ್ಲಾಳಿಗಳಿಗೆ ಹಣ ಕೊಡಬೇಕಾಯಿತು. ಗಡಿ ಭದ್ರವಾಯಿತು ಎನ್ನುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಹೀಗಾದರೂ ಮೂಲ ಪ್ರಶ್ನೆ ಉಳಿಯುತ್ತದೆ: ಅಮೆರಿಕ ಯಾರಿಗೆ ಸುರಕ್ಷಿತ? 2016ರ ಕ್ರಿಸ್‌ಮಸ್ ಮುನ್ನಾದಿನದ ರಾತ್ರಿ ಘಾನಾದ ಇಬ್ಬರು ಮ್ಯಾನಿಟೋಬಾದ ಎಮರ್ಸನ್ ಬಳಿ ಹಿಮ ತುಂಬಿದ ಹೊಲದಲ್ಲಿ ಗಂಟೆಗಟ್ಟಲೆ ನಡೆದು ಬಂದರು. ಕೊರೆಯುವ ಚಳಿಗೆ ಬಹುತೇಕ ಎಲ್ಲ ಬೆರಳುಗಳನ್ನೂ ಕಳೆದುಕೊಂಡರು. ಅವರಿಬ್ಬರ ಅರ್ಜಿಯನ್ನೂ ಅಮೆರಿಕ ತಿರಸ್ಕರಿಸಿತ್ತು. ಮರುವರ್ಷ ಕೆನಡಾ ವಿಚಾರಣೆ ನಡೆಸಿ ಇಬ್ಬರನ್ನೂ ನಿರಾಶ್ರಿತರೆಂದು ಒಪ್ಪಿಕೊಂಡಿತು. ಅಂದರೆ ಒಂದು ದೇಶ ಸುಳ್ಳೆಂದೋ ಸಾಲದೆಂದೋ ಬದಿಗಿಟ್ಟ ಭಯವನ್ನು ಪಕ್ಕದ ದೇಶ ನಿಜವೆಂದಿತು. ಎರಡರ ವ್ಯವಸ್ಥೆಯೂ ಒಂದೇ ಮಟ್ಟದ್ದು ಎಂಬ ನಂಬಿಕೆಯ ಮೇಲೆ ನಿಂತ ಒಪ್ಪಂದಕ್ಕೆ ಇದಕ್ಕಿಂತ ದೊಡ್ಡ ಸವಾಲು ನನಗೆ ಕಾಣುವುದಿಲ್ಲ.

ಈ ಪ್ರಶ್ನೆ ನ್ಯಾಯಾಲಯಕ್ಕೂ ಹೋಯಿತು. ಕೆನಡಾದಿಂದ ಹಿಂದಕ್ಕೆ ಕಳಿಸಲಾದ ಇಥಿಯೋಪಿಯಾ ಮೂಲದ ಮಹಿಳೆಯೊಬ್ಬರನ್ನು ಅಮೆರಿಕದಲ್ಲಿ ಜೈಲಿಗೆ ಹಾಕಿ, ಒಂದು ವಾರ ಒಂಟಿ ಕೋಣೆಯಲ್ಲಿ ಇಡಲಾಗಿತ್ತು. 2020ರ ಜುಲೈನಲ್ಲಿ ಫೆಡರಲ್ ಕೋರ್ಟ್ ಈ ವ್ಯವಸ್ಥೆ ಜೀವ, ಸ್ವಾತಂತ್ರ್ಯ, ಭದ್ರತೆಯ ಹಕ್ಕು ಕೊಡುವ ಸನ್ನದಿನ 7ನೇ ಕಲಮಿಗೆ ವಿರುದ್ಧ ಎಂದಿತು. 2023ರ ಜೂನ್ 16ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ ವ್ಯವಸ್ಥೆಯನ್ನು ಉಳಿಸಿತು. ಅದು ಕೊಟ್ಟ ಕಾರಣ ಗಮನಾರ್ಹ. ಮಾನವೀಯ ನೆಲೆಯಲ್ಲಿಯೋ ಸಾರ್ವಜನಿಕ ಹಿತದ ನೆಲೆಯಲ್ಲಿಯೋ ಕೆಲವರನ್ನು ಹಿಂದಕ್ಕೆ ಕಳಿಸದಿರುವ ಅಧಿಕಾರ ಕಾನೂನಿನಲ್ಲಿದೆ. ಈ ಸುರಕ್ಷತಾ ಕವಾಟಗಳು ಇರುವುದರಿಂದ ವ್ಯವಸ್ಥೆ 7ನೇ ಕಲಮಿಗೆ ವಿರುದ್ಧವಲ್ಲ ಎಂದಿತು. ಲಿಂಗ ಆಧಾರಿತ ಹಿಂಸೆಯಿಂದ ಓಡಿಬಂದ ಹೆಂಗಸರಿಗೆ ಸಮಾನತೆಯ ಹಕ್ಕು ತಪ್ಪುತ್ತದೆಯೇ ಎಂಬುದನ್ನು ಮತ್ತೆ ಕೆಳಗಿನ ಕೋರ್ಟಿಗೆ ಬಿಟ್ಟಿತು.

ಬ್ರಿಟನ್ 2022ರಲ್ಲಿ ಈ ಕಲ್ಪನೆಯನ್ನು ಇನ್ನೂ ಹಿಗ್ಗಿಸಿತ್ತು. ಆಶ್ರಯ ಕೇಳಿದವರನ್ನು ಅವರು ಎಂದೂ ಕಾಲಿಡದ ರುವಾಂಡಕ್ಕೆ ಕಳಿಸುವ ಯೋಜನೆ ಅದು. ಅಲ್ಲಿಂದ ಅವರನ್ನು ತವರಿಗೇ ಅಟ್ಟುವ ನಿಜವಾದ ಅಪಾಯವಿದೆ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2023ರ ನವೆಂಬರ್ 15ರಂದು ಹೇಳಿತು. ಸಂಸತ್ತು ರುವಾಂಡ ಸುರಕ್ಷಿತವೆಂದು 2024ರಲ್ಲಿ ಕಾನೂನನ್ನೇ ಮಾಡಿತು. ಅದೇ ವರ್ಷ ಸರ್ಕಾರ ಬದಲಾಗಿ ಯೋಜನೆ ಬಿದ್ದುಹೋಯಿತು.

ಕೆನಡಾದಲ್ಲಿ 14 ದಿನಗಳ ಕಿಂಡಿಯನ್ನೂ ಮುಚ್ಚಲು 2025ರ ಜೂನ್ 3ರಂದು ಸಿ-2 ಮಸೂದೆ ಮಂಡನೆಯಾಯಿತು. ಠಾಣೆಗಳ ನಡುವೆ ಅಮೆರಿಕದಿಂದ ದಾಟಿ ಬಂದವರು 14 ದಿನಗಳ ನಂತರ ಕೇಳಿದರೂ ಅವರ ಅರ್ಜಿಯನ್ನು, ಆಶ್ರಯದ ಅರ್ಜಿಗಳ ವಿಚಾರಣೆ ನಡೆಸುವ ನಿರಾಶ್ರಿತರ ಮಂಡಳಿಯ ಮುಂದೆ ಇಡಬಾರದು ಎಂಬುದು ಅದರಲ್ಲಿದ್ದ ಒಂದು ಪ್ರಸ್ತಾವ. ಅದೇ ಕೆನಡಾದ ವಲಸೆ ಕಾನೂನಿನ 102ನೇ ಕಲಮಿನಲ್ಲಿ ಇನ್ನೊಂದು ಹೊಣೆಯೂ ಇದೆ. ಸುರಕ್ಷಿತವೆಂದು ಹೆಸರಿಸಿದ ದೇಶದ ನೀತಿ, ನಡವಳಿಕೆ, ಮಾನವ ಹಕ್ಕುಗಳ ದಾಖಲೆಯನ್ನು ಸರ್ಕಾರ ನಿರಂತರವಾಗಿ ಪರಿಶೀಲಿಸುತ್ತಿರಬೇಕು. ಕಿಂಡಿ ಮುಚ್ಚಲು ತೋರಿದ ಆತುರವನ್ನು ಸರ್ಕಾರ ಈ ಪರಿಶೀಲನೆಯಲ್ಲಿಯೂ ತೋರಬೇಕು, ಅದರಲ್ಲಿ ಕಂಡದ್ದನ್ನು ಸಂಸತ್ತಿನ ಮುಂದೆ ಬಿಚ್ಚಿಡಬೇಕು.