ಸಮುದ್ರ ತಡೆಯುವ ಗೇಟು: ಯಾವಾಗ ಮುಚ್ಚಬೇಕು ಅನ್ನೋ ಲೆಕ್ಕ

ಮೊದಲು ಸ್ಟಾರ್ಮ್ ಸರ್ಜ್ ಏನು ಅಂತ ಬೇಗ ಮುಗಿಸೋಣ. ಬಿರುಗಾಳಿ ಸಮುದ್ರದ ನೀರನ್ನು ದಡದ ಕಡೆ ತಳ್ಳುತ್ತದೆ. ವಾತಾವರಣದ ಒತ್ತಡ ಒಂದು ಮಿಲಿಬಾರ್ ಇಳಿದರೆ ನೀರು ಸುಮಾರು 1 ಸೆಂ.ಮೀ. ಏರುತ್ತದೆ. ಅದೇ ಹೊತ್ತಿಗೆ ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಉಬ್ಬರವೂ ಸೇರಿಕೊಂಡರೆ ಕಥೆ ಮುಗಿಯಿತು. 1953ರ ಫೆಬ್ರುವರಿ 1ರಂದು ನೆದರ್ಲೆಂಡ್ಸ್‌ನಲ್ಲಿ ಆಗಿದ್ದು ಇದೇ, 1,836 ಜನ ಸತ್ತರು.

ಆಮೇಲೆ ಅವರು ಹಲವು ಅಳಿವೆಗಳಿಗೆ ಅಣೆಕಟ್ಟು ಕಟ್ಟಿದರು. ಆದರೆ ರಾಟರ್‌ಡ್ಯಾಮ್ ಬಂದರಿನ ದಾರಿಗೆ ಅಡ್ಡ ಕಟ್ಟೋಕಾಗಲ್ಲ, ಹಡಗು ಓಡಾಡಬೇಕಲ್ವಾ? ಅದಕ್ಕೇ 1997ರಲ್ಲಿ ಮೇಸ್ಲಾಂಟ್ ತಡೆಗೇಟು ಬಂತು. ಕಾಲುವೆಯ ಅಗಲ 360 ಮೀಟರ್. ಎರಡು ದಡದಲ್ಲೂ ಒಂದೊಂದು ಗೇಟು, ಪ್ರತಿಯೊಂದೂ 210 ಮೀಟರ್ ಉದ್ದ, 22 ಮೀಟರ್ ಎತ್ತರ. ಮಾಮೂಲಿ ದಿನಗಳಲ್ಲಿ ಅವು ದಡದ ಒಣ ಡಾಕ್‌ನಲ್ಲಿ (ನೀರಿಲ್ಲದ ದೊಡ್ಡ ತೊಟ್ಟಿಯಲ್ಲಿ) ಸುಮ್ನೆ ನಿಂತಿರುತ್ತವೆ.

ಮುಚ್ಚುವ ಕ್ರಮ ನನಗೆ ತುಂಬಾ ಇಷ್ಟ. ಡಾಕ್‌ಗೆ ನೀರು ಬಿಡುತ್ತಾರೆ, ಟೊಳ್ಳು ಗೇಟು ತೇಲುತ್ತದೆ, ತೇಲಿಕೊಂಡೇ ಕಾಲುವೆಯ ನಡುವಿಗೆ ಬರುತ್ತದೆ, ಆಮೇಲೆ ಅದರ ಹೊಟ್ಟೆಗೆ ನೀರು ತುಂಬಿಸಿದರೆ ಮುಳುಗಿ ತಳದ ಕಾಂಕ್ರೀಟಿನ ಮೇಲೆ ಕೂರುತ್ತದೆ. ಅಲ್ಲಿ ಹೂಳು ಕೂತಿರುತ್ತಲ್ಲ ಅಂತ ಕೇಳಬಹುದು. ಗೇಟು ಇಳಿದ ಹಾಗೆ ಕೆಳಗಿನ ಸಂದು ಕಿರಿದಾಗಿ ನೀರಿನ ಸೆಳೆತ ಜಾಸ್ತಿಯಾಗುತ್ತದೆ, ಆ ಸೆಳೆತವೇ ಹೂಳನ್ನು ಗುಡಿಸಿ ಹಾಕುತ್ತದೆ! ಸಮುದ್ರದ ತಳ್ಳುವಿಕೆಯೆಲ್ಲ ಉಕ್ಕಿನ ತೋಳುಗಳ ಮೂಲಕ ದಡದಲ್ಲಿರುವ ಒಂದು ಗುಂಡು ಕೀಲಿಗೆ ಹೋಗುತ್ತದೆ. ನಮ್ಮ ಭುಜದ ಕೀಲಿನ ಥರ, ಆದರೆ 10 ಮೀಟರ್ ವ್ಯಾಸ, 680 ಟನ್ ತೂಕ.

ಈಗ ನಿಜವಾದ ತಲೆನೋವು. ಗೇಟು ಮುಚ್ಚಿದರೂ ಹಿಂದಿನಿಂದ ನದಿ ಹರಿದು ಬರುತ್ತಲೇ ಇರುತ್ತದೆ. ಒಂದು ಲೆಕ್ಕ ಮಾಡಿ ನೋಡಿ (ಅಂಕಿ ನನ್ನ ಕಲ್ಪನೆ): ನದಿ ಸೆಕೆಂಡಿಗೆ 2,000 ಘನ ಮೀಟರ್, ಅಂದರೆ ನಮ್ಮ ಪೇಪರ್‌ಗಳ ಭಾಷೆಯಲ್ಲಿ 70,000 ಕ್ಯೂಸೆಕ್. ಹಿನ್ನೀರಿನ ವಿಸ್ತೀರ್ಣ 100 ಚದರ ಕಿ.ಮೀ. 10 ಗಂಟೆ ಮುಚ್ಚಿಟ್ಟರೆ 7.2 ಕೋಟಿ ಘನ ಮೀಟರ್ ಸೇರುತ್ತದೆ, ಮಟ್ಟ 72 ಸೆಂ.ಮೀ. ಏರುತ್ತದೆ. ಬೇಗ ಮುಚ್ಚಿದರೆ ಒಳಗಿಂದಲೇ ಪ್ರವಾಹ, ತಡವಾದರೆ ಸಮುದ್ರ ಒಳಗೆ. ಅದಕ್ಕೇ ರಾಟರ್‌ಡ್ಯಾಮ್‌ನಲ್ಲಿ ನೀರು ಮಾಮೂಲಿ ಸಮುದ್ರ ಮಟ್ಟಕ್ಕಿಂತ ಸುಮಾರು 3 ಮೀಟರ್ ಮೇಲೆ ಮುಟ್ಟುತ್ತದೆ ಅನ್ನುವ ಮುನ್ಸೂಚನೆ ಬಂದರೆ ಮುಚ್ಚುತ್ತಾರೆ. ಆ ತೀರ್ಮಾನವೂ ಕಂಪ್ಯೂಟರಿನದೇ. ಹಾಗೆ ತಾನಾಗಿ ಮೊದಲ ಸಲ ಮುಚ್ಚಿದ್ದು 2023ರ ಡಿಸೆಂಬರ್ 21ರಂದು.

ಮುನ್ಸೂಚನೆ ತಪ್ಪಿದರೆ? ವೆನಿಸ್ ನೋಡಿ. ಅಲ್ಲಿನ ಮೋಸೆ ಯೋಜನೆಯ 78 ಗೇಟುಗಳು ಸಮುದ್ರದ ತಳದಲ್ಲಿ ಮಲಗಿರುತ್ತವೆ, ಗಾಳಿ ತುಂಬಿಸಿದರೆ ಏಳುತ್ತವೆ. 2020ರ ಅಕ್ಟೋಬರ್‌ನಲ್ಲಿ ಮೊದಲ ಸಲ ಊರನ್ನು ಕಾಪಾಡಿದವು. ಡಿಸೆಂಬರ್ 8ಕ್ಕೆ ಎಬ್ಬಿಸಲೇ ಇಲ್ಲ. ಆಗ ನಿಗದಿ ಮಾಡಿದ್ದ ಮಿತಿ 130 ಸೆಂ.ಮೀ., ಮುನ್ಸೂಚನೆ ಅದಕ್ಕಿಂತ ಕಡಿಮೆ ಇತ್ತು, ಬಂದಿದ್ದು 138. ಗೇಟುಗಳಲ್ಲಿ ಏನೂ ದೋಷವಿರಲಿಲ್ಲ, ಊರು ಮಾತ್ರ ಮುಳುಗಿತು. ಮಿತಿಯನ್ನು 110ಕ್ಕೆ ಇಳಿಸಿದರೆ ಊರು ಬಚಾವು, ಆದರೆ ಹೆಚ್ಚು ಸಲ ಮುಚ್ಚಬೇಕು, ಹಡಗುಗಳು ಹೊರಗೆ ಕಾಯಬೇಕು, ಒಳಗಿನ ನೀರು ಸಮುದ್ರದ ಜೊತೆ ಬೆರೆಯುವುದೂ ಕಡಿಮೆಯಾಗುತ್ತದೆ.